ಸೋಯಾ ಅವರೆಯೂ ಅರ್ಬುದರೋಗವೂ

ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನಲ್ಲಿ ಕಟ್ಟೆಮಳಲವಾಡಿ ಎಂಬ ಊರೊಂದಿದೆ. ಲಕ್ಷ್ಮಣತೀರ್ಥ ನದಿಯ ಅಣೆಕಟ್ಟೆಯೂ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಯೂ ಈ ಊರಿನ ಗುರುತುಗಳು. ಅಲ್ಲಿಂದ ಕಾಲೇಜಿಗೆ ಬರುವ ವಿದ್ಯಾರ್ಥಿನಿಯೊಬ್ಬಳು ಒಂದು ದಿನ ಪಾಠ ಮುಗಿದ ಮೇಲೆ ನಮ್ಮ ಬಳಿಗೆ ಬಂದು ಒಂದು ಪ್ರಶ್ನೆಯನ್ನು ಕೇಳಿದಳು. ಆಕೆಯ ತಾಯಿಗೆ ಸ್ತನದ ಅರ್ಬುದ, ಅಂದರೆ ಕ್ಯಾನ್ಸರ್, ತಲೆದೋರಿತ್ತು. ಮೈಸೂರಿನಲ್ಲಿ ಶಸ್ತ್ರಚಿಕಿತ್ಸೆಯೂ ಔಷಧಚಿಕಿತ್ಸೆಯೂ ನಡೆದು ಆಕೆ ಮನೆಗೆ ಮರಳಿದ್ದರು. ಆ ಮನೆಯಲ್ಲಿ ವಾರಕ್ಕೆ ಎರಡು ಮೂರು ಬಾರಿ ಸಾರಿಗೆ ಸೋಯಾ ತುಣುಕುಗಳನ್ನು ಹಾಕುವುದು ವಾಡಿಕೆ. ಅಂಗಡಿಗಳಲ್ಲಿ ‘ಮೀಲ್ ಮೇಕರ್’ ಎಂದು ಕೇಳಿ ಕೊಳ್ಳುವ ಪದಾರ್ಥವೇ ಇದು.

ನೆರೆಯವರೊಬ್ಬರು, “ಸೋಯಾದಲ್ಲಿ ಹೆಣ್ಣಿನ ಹಾರ್ಮೋನು ಇದೆಯಂತೆ, ತಿಂದರೆ ಗಡ್ಡೆ ಮತ್ತೆ ಬೆಳೆಯುವುದಂತೆ” ಎಂದು ಎಚ್ಚರಿಸಿದರು. ನೆಂಟರೊಬ್ಬರು ಸೋಯಾಸಾರದ ಗುಳಿಗೆಗಳ ಸೀಸೆಯೊಂದನ್ನು ತಂದುಕೊಟ್ಟು, “ದಿನವೂ ನುಂಗಿದರೆ ರೋಗ ಮರುಕಳಿಸದು” ಎಂದರು. ತಾಯಿಗೆ ದಿಕ್ಕು ತೋಚದಾಯಿತು. ಸೋಯಾವನ್ನಷ್ಟೇ ಅಲ್ಲದೆ, ಕಾಳುಗಳೆಲ್ಲವೂ ಒಂದೇ ಜಾತಿಯೆಂದು ಶಂಕಿಸಿ ಅವರೆ, ಹುರುಳಿಗಳನ್ನೂ ತೊರೆದು, ಗಂಜಿ ಮಜ್ಜಿಗೆಗಳಲ್ಲಿ ದಿನ ಕಳೆಯತೊಡಗಿದರು. ಅವರ ತೂಕ ಇಳಿಯುತ್ತಿತ್ತು. “ಇಬ್ಬರಲ್ಲಿ ಯಾರ ಮಾತು ನಿಜ?” ಎಂಬುದೇ ಮಗಳ ಪ್ರಶ್ನೆ.

ನಾವು ವೈದ್ಯರಲ್ಲ, ಭೌತಶಾಸ್ತ್ರವನ್ನು ಬೋಧಿಸುವವರು. ಚಿಕಿತ್ಸೆಯ ಮಾತು ವೈದ್ಯರದೇ. ಆದರೆ ಒಂದು ಅಳತೆಯನ್ನು ಯಾವ ಸನ್ನಿವೇಶದಲ್ಲಿ ಮಾಡಿದರು, ಅದು ಬೇರೊಂದು ಸನ್ನಿವೇಶಕ್ಕೆ ಎಷ್ಟರ ಮಟ್ಟಿಗೆ ಅನ್ವಯಿಸುತ್ತದೆ ಎಂದು ವಿಚಾರಿಸುವುದು ಎಲ್ಲ ವಿಜ್ಞಾನಗಳಿಗೂ ಸಮಾನವಾದ ಧರ್ಮ. ಸೋಯಾದ ವಿಷಯದಲ್ಲಿ ಹಬ್ಬಿರುವ ಭಯಕ್ಕೂ ಭರವಸೆಗೂ ಮೂಲವಾದ ಪ್ರಯೋಗಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಿದರೆ ಉತ್ತರ ತಾನಾಗಿ ತಿಳಿಯಾಗುತ್ತದೆ.

ಅವರೆಯ ನೆಂಟ

ಸೋಯಾವನ್ನು ನಮ್ಮ ಕೃಷಿಗ್ರಂಥಗಳು ‘ಸೋಯಾ ಅವರೆ’ ಎಂದು ಕರೆಯುವುದು ಉಚಿತವಾಗಿಯೇ ಇದೆ. ಅವರೆ, ತೊಗರಿ, ಹುರುಳಿ, ಕಡಲೆಗಳಂತೆ ಇದೂ ದ್ವಿದಳ ಧಾನ್ಯದ ಕುಟುಂಬಕ್ಕೆ ಸೇರಿದ್ದು. ಚೀನ, ಜಪಾನುಗಳಲ್ಲಿ ಇದು ಬಹು ಪುರಾತನವಾದ ಆಹಾರ. ನಮ್ಮ ದೇಶದಲ್ಲಿ ಇದರ ಬೇಸಾಯ ವಿಸ್ತಾರವಾಗಿ ಹಬ್ಬಿದ್ದು ೧೯೬೦ರ ದಶಕದಿಂದ ಈಚೆಗೆ. ಜಬ್ಬಲಪುರ ಮತ್ತು ಪಂತನಗರದ ಕೃಷಿ ವಿಶ್ವವಿದ್ಯಾನಿಲಯಗಳು ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಸಹಕಾರದಿಂದ ತಳಿಗಳನ್ನು ತರಿಸಿ ಪರೀಕ್ಷಿಸಿದುವು. ಇಂದು ಕರ್ನಾಟಕದಲ್ಲಿ ಬೀದರ್, ಬೆಳಗಾವಿ, ಧಾರವಾಡ ಜಿಲ್ಲೆಗಳ ಕಪ್ಪುಮಣ್ಣಿನಲ್ಲಿ ಇದು ಹೇರಳವಾಗಿ ಬೆಳೆಯುತ್ತದೆ. ಇಲಿನಾಯ್ ಎಂಬ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದು ಮತ್ತೊಮ್ಮೆ ಬರುವುದು.

ಈ ಕಾಳಿನ ತೂಕದಲ್ಲಿ ಶೇಕಡ ೪೦ರಷ್ಟು ಪ್ರೋಟೀನು, ಶೇಕಡ ೨೦ರಷ್ಟು ಎಣ್ಣೆ. ನಮ್ಮ ತೊಗರಿ, ಹುರುಳಿಗಳಲ್ಲಿ ಪ್ರೋಟೀನು ಶೇಕಡ ೨೨ರ ಆಸುಪಾಸಿನಲ್ಲಿದೆ. ಎಣ್ಣೆಯನ್ನು ತೆಗೆದು ಉಳಿದ ಹಿಟ್ಟನ್ನು ಬಿಸಿ ಮಾಡಿ ಒತ್ತಿ ತಯಾರಿಸಿದ ತುಣುಕುಗಳಲ್ಲಂತೂ ಅರ್ಧಕ್ಕಿಂತಲೂ ಹೆಚ್ಚು ಪ್ರೋಟೀನೇ. ಹಸಿಯ ಸೋಯಾದಲ್ಲಿ ಜೀರ್ಣಕ್ಕೆ ಅಡ್ಡಿ ಮಾಡುವ ಪದಾರ್ಥವೊಂದುಂಟು. ಚೆನ್ನಾಗಿ ಬೇಯಿಸಿದರೆ ಅದು ನಾಶವಾಗುತ್ತದೆ. ಬೇಯಿಸಿದ ಸೋಯಾವೇ ಪುಷ್ಟಿಕರವೆಂದು ಆಸ್‌ಬರ್ನ್ ಮತ್ತು ಮೆಂಡೆಲ್ ಎಂಬ ವಿಜ್ಞಾನಿಗಳು ೧೯೧೭ರಷ್ಟು ಹಿಂದೆಯೇ ತೋರಿಸಿಕೊಟ್ಟರು.

ಕುರಿಗಳು ಹುಟ್ಟಿಸಿದ ಅನುಮಾನ

ಗಿಡದೊಳಗೆ ಹೆಣ್ಣಿನ ಹಾರ್ಮೋನು ಎಲ್ಲಿಂದ ಬಂತು? ಈ ಕಥೆ ಆರಂಭವಾಗುವುದು ಸೋಯಾದಿಂದಲ್ಲ, ಕುರಿಗಳಿಂದ. ೧೯೪೦ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯದ ಹುಲ್ಲುಗಾವಲುಗಳಲ್ಲಿ ಕುರಿಗಳು ಬಂಜೆಯಾಗತೊಡಗಿದುವು. ಕಾರಣವನ್ನು ಹುಡುಕಿದವರು ಕೊನೆಗೆ ಬೆರಳಿಟ್ಟು ತೋರಿಸಿದ್ದು ಅವು ಮೇಯುತ್ತಿದ್ದ ಕ್ಲೋವರ್ ಎಂಬ ಸಸ್ಯವನ್ನು. ಇದೂ ದ್ವಿದಳ ಕುಟುಂಬದ್ದೇ. ಅದರೊಳಗಿನ ಒಂದು ರಾಸಾಯನಿಕ ವಸ್ತುವು ಕುರಿಯ ಹೊಟ್ಟೆಯಲ್ಲಿ ‘ಈಕ್ವೋಲ್’ ಆಗಿ ಮಾರ್ಪಟ್ಟು, ಈಸ್ಟ್ರೋಜನ್ ಎಂಬ ಸ್ತ್ರೀಹಾರ್ಮೋನಿನಂತೆ ವರ್ತಿಸುತ್ತಿತ್ತು. ಈಕ್ವೋಲನ್ನು ವಿಜ್ಞಾನಿಗಳು ಮೊದಲು ಕಂಡದ್ದು ೧೯೩೨ರಲ್ಲಿ, ಗಬ್ಬದ ಕುದುರೆಯ ಮೂತ್ರದಲ್ಲಿ. ಆ ಹೆಸರಿಗೂ ಕುದುರೆಯೇ ಮೂಲ.

ಇಂತಹ ಸಸ್ಯವಸ್ತುಗಳ ಒಂದು ಬಳಗಕ್ಕೆ ಐಸೋಫ್ಲೇವೋನುಗಳೆಂದು ಹೆಸರು. ಸೋಯಾದಲ್ಲಿ ಮುಖ್ಯವಾದವು ಜೆನಿಸ್ಟೀನ್ ಮತ್ತು ಡೈಡ್‌ಜೀನ್. ಇವು ಹಾರ್ಮೋನುಗಳಲ್ಲ, ಆಕಾರದಲ್ಲಿ ಮಾತ್ರ ಈಸ್ಟ್ರೋಜನನ್ನು ತಕ್ಕಮಟ್ಟಿಗೆ ಹೋಲುತ್ತವೆ. ಈ ಹೋಲಿಕೆಯೇ ಎಲ್ಲ ಗೊಂದಲಕ್ಕೂ ಬೀಜ.

ಬೀಗವೂ ಬೀಗದ ಕೈಯೂ

ಹಾರ್ಮೋನು ಕೆಲಸ ಮಾಡುವುದು ಬೀಗದ ಕೈಯಂತೆ. ಜೀವಕೋಶದೊಳಗೆ ಅದಕ್ಕೆ ಹೊಂದುವ ಬೀಗವೊಂದಿರಬೇಕು. ಇದಕ್ಕೆ ಗ್ರಾಹಿಯೆಂದು ಹೆಸರು. ಈಸ್ಟ್ರೋಜನ್ನಿಗೆ ಇಂತಹ ಗ್ರಾಹಿಯುಂಟೆಂದು ೧೯೫೦ರ ದಶಕದ ಕೊನೆಯಲ್ಲಿ ಷಿಕಾಗೋ ನಗರದ ಎಲ್ವುಡ್ ಜೆನ್ಸೆನ್ ಅವರು ತೋರಿಸಿದರು. ಸ್ತನದ ಅರ್ಬುದಗಳಲ್ಲಿ ಬಹುಪಾಲಿನ ಕೋಶಗಳಲ್ಲಿ ಈ ಬೀಗವಿರುತ್ತದೆ. ಕೈ ತಿರುಗಿದಂತೆಲ್ಲ ಕೋಶ ವಿಭಜನೆಗೊಂಡು ಗಡ್ಡೆ ಬೆಳೆಯುತ್ತದೆ. ಆದುದರಿಂದಲೇ ಈಸ್ಟ್ರೋಜನನ್ನು ಹೋಲುವ ಯಾವುದನ್ನು ಕಂಡರೂ ಭಯಪಡುವುದು ಸಹಜ.

ಆದರೆ ಬೀಗದೊಳಗೆ ಹೋದ ಕೈಗಳೆಲ್ಲ ಬೀಗವನ್ನು ತೆರೆಯುವುವೇ? ಇಲ್ಲ. ಸ್ತನದ ಅರ್ಬುದಕ್ಕೆ ಲಕ್ಷಾಂತರ ಸ್ತ್ರೀಯರು ವರ್ಷಗಟ್ಟಲೆ ಸೇವಿಸುವ ಟ್ಯಾಮಾಕ್ಸಿಫೆನ್ ಎಂಬ ಔಷಧವನ್ನೇ ನೋಡಿರಿ. ೧೯೬೦ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಈ ವಸ್ತು ಅದೇ ಗ್ರಾಹಿಯೊಳಗೆ ಹೊಕ್ಕು ಕುಳಿತು, ತಿರುಗದೆ, ನಿಜವಾದ ಈಸ್ಟ್ರೋಜನ್ನಿಗೆ ಎಡೆಗೊಡದೆ ಗಡ್ಡೆಯನ್ನು ತಡೆಯುತ್ತದೆ. ಸೋಜಿಗವೆಂದರೆ, ಸ್ತನದಲ್ಲಿ ತಡೆಯಾಗಿ ನಿಂತ ಇದೇ ಔಷಧ ಮೂಳೆಯಲ್ಲಿ ಈಸ್ಟ್ರೋಜನ್ನಿನಂತೆಯೇ ವರ್ತಿಸುತ್ತದೆ.

೧೯೯೬ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಎರಡನೆಯ ಬೀಗವೊಂದನ್ನು ಕಂಡುಹಿಡಿದರು. ಮೊದಲನೆಯದನ್ನು ಆಲ್ಫಾ ಎಂದೂ ಇದನ್ನು ಬೀಟಾ ಎಂದೂ ಕರೆಯುವರು. ಕೋಶಗಳ ಬೆಳವಣಿಗೆಗೆ ಹೆಚ್ಚು ಕುಮ್ಮಕ್ಕು ಕೊಡುವುದು ಆಲ್ಫಾ. ಬೀಟಾ ಅನೇಕ ವೇಳೆ ಅದಕ್ಕೆ ಕಡಿವಾಣ ಹಾಕುತ್ತದೆ. ಸೋಯಾದ ಜೆನಿಸ್ಟೀನು ಬೀಟಾ ಗ್ರಾಹಿಯನ್ನೇ ಹೆಚ್ಚಾಗಿ ಹಿಡಿದುಕೊಳ್ಳುತ್ತದೆ. ಹೀಗಿರುವಲ್ಲಿ “ಈಸ್ಟ್ರೋಜನನ್ನು ಹೋಲುತ್ತದೆ, ಆದುದರಿಂದ ಗಡ್ಡೆಯನ್ನು ಬೆಳೆಸುತ್ತದೆ” ಎಂಬ ತರ್ಕ ಅಷ್ಟು ಸರಳವಾಗಿ ನಿಲ್ಲದು. ಹೋಲಿಕೆಯಿಂದ ಹುಟ್ಟಿದ ಊಹೆಯನ್ನು ಪ್ರಯೋಗವೇ ನಿರ್ಣಯಿಸಬೇಕು.

ಇಲಿಗಳ ಸಾಕ್ಷ್ಯ

ಪ್ರಯೋಗ ನಡೆಯಿತು, ಮೊದಲ ಫಲಿತಾಂಶ ಗಾಬರಿ ಹುಟ್ಟಿಸುವಂತೆಯೇ ಇತ್ತು. ನಮ್ಮ ದೇಶಕ್ಕೆ ಸೋಯಾ ಬೇಸಾಯವನ್ನು ತರಲು ನೆರವಾದ ಅದೇ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಹೆಲ್ಫೆರಿಚ್ ಮತ್ತು ಅವರ ಸಂಗಡಿಗರು ೧೯೯೮ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ರೋಗನಿರೋಧಕ್ಕೆ ಅಗತ್ಯವಾದ ಥೈಮಸ್ ಗ್ರಂಥಿಯಿಲ್ಲದೆ ಹುಟ್ಟಿದ ಪುಟ್ಟ ಇಲಿಗಳ ಅಂಡಾಶಯಗಳನ್ನು ತೆಗೆದು, ಮನುಷ್ಯರ ಸ್ತನದ ಅರ್ಬುದಕೋಶಗಳನ್ನು ಅವುಗಳಲ್ಲಿ ನೆಟ್ಟು, ಆಹಾರದಲ್ಲಿ ಜೆನಿಸ್ಟೀನನ್ನು ಬೆರೆಸಿ ಕೊಟ್ಟಾಗ ಗಡ್ಡೆಗಳು ಬೆಳೆದುವು. ೨೦೦೨ರಲ್ಲಿ, ಜೆನಿಸ್ಟೀನು ಇಲಿಗಳಲ್ಲಿ ಟ್ಯಾಮಾಕ್ಸಿಫೆನ್ನಿನ ಗುಣವನ್ನೇ ಅಳಿಸಿಹಾಕಬಲ್ಲದೆಂದೂ ಅವರು ತೋರಿಸಿದರು. ಕಟ್ಟೆಮಳಲವಾಡಿಯ ನೆರೆಮನೆಯವರ ಬಾಯಿಗೆ ಬಂದ ಮಾತು ಕೈಯಿಂದ ಕೈಗೆ ದಾಟಿ ಬಂದದ್ದು ಇಂತಹ ವರದಿಗಳಿಂದಲೇ. ಆ ಭಯ ಮೂಢನಂಬಿಕೆಯಲ್ಲ. ಒಳ್ಳೆಯ ಪ್ರಯೋಗಶಾಲೆಯಲ್ಲಿ ಜನಿಸಿದ್ದು.

ಆದರೆ ಅದೇ ಪ್ರಯೋಗಶಾಲೆ ೨೦೦೪ರಲ್ಲಿ ಪ್ರಕಟಿಸಿದ ಮತ್ತೊಂದು ಫಲಿತಾಂಶ ಜನರ ಬಾಯಿಗೆ ಬರಲಿಲ್ಲ. ಆ ಸಲ ಅವರು ಶುದ್ಧ ಜೆನಿಸ್ಟೀನನ್ನು ಮಾತ್ರವಲ್ಲದೆ, ಸೋಯಾ ಹಿಟ್ಟನ್ನೂ, ಹಂತಹಂತವಾಗಿ ಸಂಸ್ಕರಿಸಿ ಶುದ್ಧಿಮಾಡಿದ ಸಾರಗಳನ್ನೂ ಇಲಿಗಳಿಗೆ ಕೊಟ್ಟರು. ಎಲ್ಲ ಆಹಾರಗಳಲ್ಲಿಯೂ ಜೆನಿಸ್ಟೀನಿನ ಪ್ರಮಾಣ ಸಮನಾಗಿತ್ತು. ಬರಿಯ ಹಿಟ್ಟನ್ನು ತಿಂದ ಇಲಿಗಳಲ್ಲಿ ಗಡ್ಡೆಗಳು ಬೆಳೆಯಲೂ ಇಲ್ಲ, ಕುಗ್ಗಲೂ ಇಲ್ಲ. ಸಾರವನ್ನು ಶುದ್ಧಿಮಾಡುತ್ತ ಹೋದಂತೆಲ್ಲ ಬೆಳವಣಿಗೆ ಹೆಚ್ಚಿತು. ಇಡಿಯ ಆಹಾರವೂ ಅದರಿಂದ ಬೇರ್ಪಡಿಸಿದ ಒಂದು ವಸ್ತುವೂ ಒಂದೇ ಅಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕೆ?

ಇಲಿ ಮನುಷ್ಯನಲ್ಲ

ಇಲ್ಲಿ ಒಂದು ಸುಲಭವಾದ ಸಮಾಧಾನದಿಂದ ದೂರವಿರಬೇಕು. “ಜೆನಿಸ್ಟೀನು ಈಸ್ಟ್ರೋಜನ್ನಿಗಿಂತ ನೂರಾರು ಪಟ್ಟು ದುರ್ಬಲ; ಭಯವೇಕೆ?” ಎಂದು ಕೆಲವರು ಹೇಳುವುದುಂಟು. ದುರ್ಬಲವೆಂಬುದು ನಿಜ. ಆದರೆ ಪರಿಣಾಮವನ್ನು ನಿರ್ಧರಿಸುವುದು ಬಲವೊಂದೇ ಅಲ್ಲ, ಪ್ರಮಾಣವೂ ಹೌದು. ಸಣ್ಣ ಬಲ್ಬುಗಳಾದರೂ ಸಾವಿರ ಸೇರಿದರೆ ಕೋಣೆ ಬೆಳಗುವುದಿಲ್ಲವೆ? ಸೋಯಾ ತಿನ್ನುವವರ ರಕ್ತದಲ್ಲಿ ಜೆನಿಸ್ಟೀನಿನ ಪ್ರಮಾಣ ಈಸ್ಟ್ರೋಜನ್ನಿಗಿಂತ ನೂರಾರು ಪಟ್ಟು ಹೆಚ್ಚಾಗಿರಬಲ್ಲದು. ಆದುದರಿಂದ ಈ ಸಮಾಧಾನ ಅರ್ಧಸತ್ಯ.

ಸರಿಯಾದ ಉತ್ತರವಿರುವುದು ಬೇರೆಡೆಯಲ್ಲಿ. ನಾವು ತಿಂದ ಜೆನಿಸ್ಟೀನು ಕರುಳು ಮತ್ತು ಯಕೃತ್ತುಗಳನ್ನು ದಾಟುವಾಗ, ದೇಹವು ಅದಕ್ಕೆ ಮತ್ತೊಂದು ಅಣುವನ್ನು ಅಂಟಿಸಿ ಕಟ್ಟಿಹಾಕುತ್ತದೆ. ಕಟ್ಟು ಬಿದ್ದ ಬೀಗದ ಕೈ ಬೀಗದೊಳಗೆ ಹೋಗದು. ಮನುಷ್ಯರ ರಕ್ತದಲ್ಲಿ ಸ್ವತಂತ್ರವಾಗಿ ಅಲೆಯುವ ಜೆನಿಸ್ಟೀನು ಅತ್ಯಲ್ಪ. ಇಲಿಗಳ ದೇಹಕ್ಕೆ ಈ ಕಟ್ಟುವ ಕಲೆ ಅಷ್ಟಾಗಿ ತಿಳಿಯದು. ೨೦೧೧ರಲ್ಲಿ ಸೆಚೆಲ್ ಮತ್ತು ಸಂಗಡಿಗರು ಅಳೆದು ನೋಡಿದಾಗ, ಇಲಿಗಳ ರಕ್ತದಲ್ಲಿ ಸ್ವತಂತ್ರ ಜೆನಿಸ್ಟೀನು ಮನುಷ್ಯರಲ್ಲಿರುವುದಕ್ಕಿಂತ ೨೦ರಿಂದ ೧೫೦ ಪಟ್ಟು ಹೆಚ್ಚಾಗಿದ್ದಿತು. ಇಲಿಯ ಪ್ರಯೋಗ ಸುಳ್ಳಲ್ಲ. ಅದು ಇಲಿಯ ಬಗೆಗೆ ನಿಜ. ಮನುಷ್ಯರ ವಿಷಯ ತಿಳಿಯಬೇಕಾದರೆ ಮನುಷ್ಯರನ್ನೇ ನೋಡಬೇಕು.

ಐದು ಸಾವಿರ ಸ್ತ್ರೀಯರು

ಸೋಯಾವನ್ನು ದಿನವೂ ತಿನ್ನುವ ಜನರಿರುವುದು ಚೀನದಲ್ಲಿ. ಷಾಂಘೈ ನಗರದಲ್ಲಿ ೨೦೦೨ರಿಂದ ೨೦೦೬ರವರೆಗೆ ಸ್ತನದ ಅರ್ಬುದಕ್ಕೆ ಗುರಿಯಾದ ೫,೦೪೨ ಸ್ತ್ರೀಯರನ್ನು ಸೇರಿಸಿಕೊಂಡು, ಅವರ ಆಹಾರವನ್ನು ವಿವರವಾಗಿ ಬರೆದುಕೊಂಡು, ಸುಮಾರು ನಾಲ್ಕು ವರ್ಷ ಅವರ ಯೋಗಕ್ಷೇಮವನ್ನು ವಿಚಾರಿಸಲಾಯಿತು. ಫಲಿತಾಂಶ ೨೦೦೯ರಲ್ಲಿ ಪ್ರಕಟವಾಯಿತು. ಅತಿ ಕಡಿಮೆ ಸೋಯಾ ತಿನ್ನುತ್ತಿದ್ದ ಕಾಲುಭಾಗದವರಲ್ಲಿ ನಾಲ್ಕು ವರ್ಷಗಳೊಳಗೆ ರೋಗ ಮರುಕಳಿಸಿದವರು ಶೇಕಡ ೧೧.೨, ಅತಿ ಹೆಚ್ಚು ತಿನ್ನುತ್ತಿದ್ದ ಕಾಲುಭಾಗದವರಲ್ಲಿ ಶೇಕಡ ೮.೦. ಮರಣದ ಪ್ರಮಾಣ ಕ್ರಮವಾಗಿ ಶೇಕಡ ೧೦.೩ ಮತ್ತು ೭.೪. ಗಡ್ಡೆಯಲ್ಲಿ ಈಸ್ಟ್ರೋಜನ್ ಗ್ರಾಹಿ ಇದ್ದವರಲ್ಲಿಯೂ ಇಲ್ಲದವರಲ್ಲಿಯೂ, ಟ್ಯಾಮಾಕ್ಸಿಫೆನ್ ಸೇವಿಸುತ್ತಿದ್ದವರಲ್ಲಿಯೂ ಸೇವಿಸದವರಲ್ಲಿಯೂ, ಸೋಯಾದಿಂದ ಕೆಡುಕಾದ ಸುಳಿವು ಕಾಣಲಿಲ್ಲ.

ಚೀನದ ಸ್ತ್ರೀಯರು ಬಾಲ್ಯದಿಂದಲೇ ಸೋಯಾ ತಿಂದವರು, ಇತರರ ಮಾತೇನು ಎಂದು ಕೇಳಬಹುದು. ೨೦೧೨ರಲ್ಲಿ ಚೀನ ಮತ್ತು ಅಮೆರಿಕಗಳ ೯,೫೧೪ ಸ್ತ್ರೀಯರ ವಿವರಗಳನ್ನು ಒಟ್ಟುಗೂಡಿಸಿ ನೋಡಿದರು. ಐಸೋಫ್ಲೇವೋನುಗಳ ದಿನದ ಸೇವನೆ ಚೀನದವರಲ್ಲಿ ಸರಾಸರಿ ೪೬ ಮಿಲಿಗ್ರಾಮು, ಅಮೆರಿಕದವರಲ್ಲಿ ಕೇವಲ ೩ ಮಿಲಿಗ್ರಾಮು. ಆದರೂ ದಿನಕ್ಕೆ ೧೦ ಮಿಲಿಗ್ರಾಮಿಗೆ ಕಡಿಮೆಯಿಲ್ಲದೆ ತಿನ್ನುತ್ತಿದ್ದವರಲ್ಲಿ ರೋಗ ಮರುಕಳಿಸುವ ಸಂಭವ, ಅತಿ ಕಡಿಮೆ ತಿನ್ನುತ್ತಿದ್ದವರಿಗಿಂತ ಕಾಲುಭಾಗದಷ್ಟು ಕಡಿಮೆಯಾಗಿ ಕಂಡುಬಂತು. ೨೦೧೭ರಲ್ಲಿ ಅಮೆರಿಕ ಮತ್ತು ಕೆನಡಗಳ ೬,೨೩೫ ಸ್ತ್ರೀಯರ ಅಧ್ಯಯನದಿಂದಲೂ ಕೆಡುಕಿನ ಸಾಕ್ಷ್ಯ ಹೊರಬೀಳಲಿಲ್ಲ.

ಹಾಗಾದರೆ ಸೋಯಾ ಅರ್ಬುದಕ್ಕೆ ಮದ್ದೆ? ಇಲ್ಲಿ ವಿದ್ಯಾರ್ಥಿಗಳು ಎಚ್ಚರದಿಂದಿರಬೇಕು. ಇವು ವೀಕ್ಷಣೆಗಳೇ ಹೊರತು, ಜನರನ್ನು ಎರಡು ಗುಂಪು ಮಾಡಿ ಒಂದಕ್ಕೆ ಸೋಯಾ ಕೊಟ್ಟು ಮತ್ತೊಂದಕ್ಕೆ ಕೊಡದೆ ಮಾಡಿದ ಪ್ರಯೋಗಗಳಲ್ಲ. ಹೆಚ್ಚು ಸೋಯಾ ತಿನ್ನುವವರು ಹೆಚ್ಚು ತರಕಾರಿಯನ್ನೂ ತಿನ್ನುತ್ತಿರಬಹುದು, ಹೆಚ್ಚು ನಡೆಯುತ್ತಿರಬಹುದು. ಗಣಿತದಿಂದ ಇವನ್ನು ಸರಿದೂಗಿಸಲು ಯತ್ನಿಸಿರುವರು. ಆದರೂ ಸ್ವಲ್ಪ ಸಂದೇಹ ಉಳಿಯುವುದು. ಆದುದರಿಂದ ಈ ಅಧ್ಯಯನಗಳಿಂದ “ಸೋಯಾ ಗುಣ ಮಾಡುತ್ತದೆ” ಎಂದು ಹೇಳಲಾಗದು. ಆದರೆ ಸೋಯಾ ಗಡ್ಡೆಯನ್ನು ಬೆಳೆಸುವ ವಿಷವಾಗಿದ್ದ ಪಕ್ಷದಲ್ಲಿ, ಇಷ್ಟು ಸಾವಿರ ಸ್ತ್ರೀಯರಲ್ಲಿ ಅದರ ಗುರುತು ಕಾಣಬೇಕಾಗಿತ್ತು. ಕಂಡದ್ದು ಅದಕ್ಕೆ ವಿರುದ್ಧವಾದ ದಿಕ್ಕಿನಲ್ಲಿ. ಅಮೆರಿಕದ ಕ್ಯಾನ್ಸರ್ ಸಂಘವು ಅರ್ಬುದದಿಂದ ಚೇತರಿಸಿಕೊಂಡವರಿಗಾಗಿ ೨೦೨೨ರಲ್ಲಿ ಪ್ರಕಟಿಸಿದ ಮಾರ್ಗದರ್ಶನವೂ ಸೋಯಾ ಆಹಾರಗಳನ್ನು ನಿಷೇಧಿಸುವುದಿಲ್ಲ.

ಗುಳಿಗೆಯ ಮಾತು

ನೆರೆಯವರ ಭಯಕ್ಕೆ ಉತ್ತರ ದೊರೆಯಿತು. ನೆಂಟರ ಸೀಸೆಯ ಗತಿಯೇನು? ಮೇಲಿನ ಭರವಸೆಯೆಲ್ಲ ಆಹಾರವಾಗಿ ತಿಂದ ಸೋಯಾಕ್ಕೆ ಸಲ್ಲುವುದೇ ಹೊರತು ಗುಳಿಗೆಗಲ್ಲ. ಷಾಂಘೈನ ಸ್ತ್ರೀಯರು ಬೇಯಿಸಿದ ಸೋಯಾವನ್ನೂ ಅದರ ಹಾಲನ್ನೂ, ಹಾಲಿನಿಂದ ಮಾಡಿದ ತೋಫುವನ್ನೂ ತಿಂದರು. ಸಾರವನ್ನು ಭಟ್ಟಿಯಿಳಿಸಿ ನುಂಗಲಿಲ್ಲ. ಶುದ್ಧಿಮಾಡಿದಂತೆಲ್ಲ ಗಡ್ಡೆ ಬೆಳೆದ ಇಲಿಗಳ ಕಥೆಯನ್ನು ಮರೆಯುವಂತಿಲ್ಲ.

ನ್ಯೂಯಾರ್ಕಿನಲ್ಲಿ ನಡೆದು ೨೦೧೪ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಶಸ್ತ್ರಚಿಕಿತ್ಸೆಗೆ ಕಾದಿದ್ದ ೧೪೦ ಸ್ತ್ರೀಯರಲ್ಲಿ ಕೆಲವರಿಗೆ ಕೆಲವು ದಿನಗಳ ಕಾಲ ಸೋಯಾ ಪ್ರೋಟೀನಿನ ಪುಡಿಯನ್ನೂ, ಉಳಿದವರಿಗೆ ಸೋಯಾ ಇಲ್ಲದ ಪುಡಿಯನ್ನೂ ಕೊಟ್ಟರು. ಗಡ್ಡೆಯ ಕೋಶಗಳು ವಿಭಜನೆಗೊಳ್ಳುವ ವೇಗ ಒಟ್ಟಿನಲ್ಲಿ ಬದಲಾಗಲಿಲ್ಲ. ಆದರೆ ರಕ್ತದಲ್ಲಿ ಜೆನಿಸ್ಟೀನು ಬಹಳ ಏರಿದ ಕೆಲವರಲ್ಲಿ, ಬೆಳವಣಿಗೆಗೆ ಸಂಬಂಧಪಟ್ಟ ಕೆಲವು ಜೀನುಗಳು ಚುರುಕಾದುದು ಕಂಡುಬಂತು. ಇದರಿಂದ ಹಾನಿ ಸಿದ್ಧವಾಗಲಿಲ್ಲ; ಎಚ್ಚರಿಕೆಗೆ ಕಾರಣ ಮಾತ್ರ ದೊರೆಯಿತು. ಹಿತವೆಂದು ಸಿದ್ಧವಾಗದ, ಅಹಿತವಿರಬಹುದೆಂಬ ಶಂಕೆಯಿರುವ ಗುಳಿಗೆಗೆ ಹಣ ತೆರುವುದು ಜಾಣತನವಲ್ಲ. ಕಾಳು ಸಾರಿನಲ್ಲಿರಲಿ, ಸೀಸೆ ಬೇಡ.

ಬೇರೆ ಅರ್ಬುದಗಳು

ಈಸ್ಟ್ರೋಜನ್ನಿನ ಪ್ರಶ್ನೆ ಮುಖ್ಯವಾಗಿ ಸ್ತನದ ಅರ್ಬುದಕ್ಕೆ ಸಂಬಂಧಿಸಿದ್ದು. ನಮ್ಮ ದೇಶದ ಸ್ತ್ರೀಯರಲ್ಲಿ ಅತ್ಯಧಿಕವಾಗಿ ಕಾಣುವುದೂ ಅದೇ. ೨೦೨೨ರೊಂದರಲ್ಲಿಯೇ ಭಾರತದಲ್ಲಿ ಸುಮಾರು ೧,೯೨,೦೦೦ ಸ್ತ್ರೀಯರಿಗೆ ಅದು ಹೊಸದಾಗಿ ತಗುಲಿತೆಂದು ಅಂದಾಜು. ಹೊಗೆಸೊಪ್ಪಿನ ನಾಡಾದ ಹುಣಸೂರು, ಪಿರಿಯಾಪಟ್ಟಣಗಳ ವಾಚಕರಿಗೆ ಬಾಯಿಯ ಅರ್ಬುದದ ಮಾತನ್ನೂ ಹೇಳಬೇಕು. ಅದರ ಕಾರಣ ಹೊಗೆಸೊಪ್ಪೆಂಬುದು ನಿರ್ವಿವಾದ. ಸೋಯಾದ ಮೇಲೆ ಅಂತಹ ಆಪಾದನೆ ಯಾವುದೂ ಇಲ್ಲ. ಬಾಯಿ ಗಂಟಲುಗಳ ಚಿಕಿತ್ಸೆಯಾಗಿ ಅಗಿಯಲಾರದವರಿಗೆ ಸೋಯಾದ ಹಾಲು, ಮೆತ್ತಗೆ ಬೇಯಿಸಿದ ಹಿಟ್ಟು ಉಪಕಾರಿಯಾಗಬಲ್ಲವು.

ಥೈರಾಯ್ಡ್ ಗ್ರಂಥಿಯ ಅರ್ಬುದದಲ್ಲಿ ಮಾತ್ರ ಒಂದು ಕಟ್ಟಳೆಯುಂಟು. ಗ್ರಂಥಿಯನ್ನು ತೆಗೆದ ಮೇಲೆ ದಿನವೂ ಬೆಳಿಗ್ಗೆ ಬರಿಯ ಹೊಟ್ಟೆಯಲ್ಲಿ ಸೇವಿಸುವ ಥೈರಾಕ್ಸಿನ್ ಗುಳಿಗೆಯು ಕರುಳಿನಲ್ಲಿ ಹೀರಲ್ಪಡುವುದಕ್ಕೆ ಸೋಯಾ ಅಡ್ಡಿ ಮಾಡಬಹುದು. ಎರಡಕ್ಕೂ ನಡುವೆ ಕೆಲವು ಗಂಟೆಗಳ ಅಂತರವಿರಬೇಕು. ಎಷ್ಟೆಂಬುದನ್ನು ವೈದ್ಯರು ಹೇಳುವರು. ಸೋಯಾ ಮೈಗೆ ಒಗ್ಗದೆ ದದ್ದು, ಉಬ್ಬಸಗಳಿಗೆ ಗುರಿಯಾಗುವವರಂತೂ ಅದನ್ನು ಮುಟ್ಟಲೇಬಾರದು.

ಒಂದು ಸಣ್ಣ ಲೆಕ್ಕ

ಈ ವಿಷಯಕ್ಕೆ ಇಷ್ಟು ಮಹತ್ತ್ವವೇಕೆಂಬುದು ಒಂದು ಲೆಕ್ಕದಿಂದ ಸ್ಪಷ್ಟವಾಗುವುದು. ಚಿಕಿತ್ಸೆಯಿಂದ ಬಳಲಿದ ದೇಹ ತನ್ನ ಮಾಂಸಖಂಡಗಳನ್ನು ಮತ್ತೆ ಕಟ್ಟಿಕೊಳ್ಳಬೇಕು. ಅರ್ಬುದರೋಗಿಗಳಿಗೆ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ ಒಂದು ಗ್ರಾಮಿಗಿಂತ ಹೆಚ್ಚು, ಸಾಧ್ಯವಾದರೆ ಒಂದೂವರೆ ಗ್ರಾಮಿನವರೆಗೆ, ಪ್ರೋಟೀನು ಬೇಕೆಂದು ಪೋಷಣತಜ್ಞರು ಹೇಳುವರು. ೫೦ ಕಿಲೋಗ್ರಾಮು ತೂಗುವ ತಾಯಿಗೆ ೫೦ ಗ್ರಾಮಂತೂ ಬೇಕೇಬೇಕು. ಎರಡು ಹೊತ್ತಿನ ಮುದ್ದೆಗೆ ೨೦೦ ಗ್ರಾಮು ರಾಗಿಹಿಟ್ಟಿನಿಂದ ೧೪ ಗ್ರಾಮು, ೧೦೦ ಗ್ರಾಮು ಅಕ್ಕಿಯಿಂದ ೮, ಸಾರಿನ ೪೦ ಗ್ರಾಮು ಬೇಳೆಯಿಂದ ೯, ಒಂದು ಲೋಟ ಹಾಲಿನಿಂದ ೬: ಒಟ್ಟು ೩೭ ಗ್ರಾಮು ಪ್ರೋಟೀನು. ಕೊರತೆ ೧೩. ಬೇಳೆಯನ್ನೂ ಬಿಟ್ಟುಬಿಟ್ಟರೆ ಕೊರತೆ ೨೨ಕ್ಕೆ ಏರುವುದು. ಗಂಜಿಯಿಂದ ಇದು ತುಂಬದು.

ಒಂದು ಹಿಡಿಯಷ್ಟು, ಅಂದರೆ ೨೫ ಗ್ರಾಮು ಒಣ ಸೋಯಾ ತುಣುಕುಗಳಲ್ಲಿ ಸರಿಯಾಗಿ ೧೩ ಗ್ರಾಮು ಪ್ರೋಟೀನುಂಟು. ಸಾಂಪ್ರದಾಯಿಕ ಸೋಯಾ ಆಹಾರಗಳಲ್ಲಿ ಪ್ರೋಟೀನಿನ ಪ್ರತಿ ಗ್ರಾಮಿಗೆ ಸುಮಾರು ೩.೫ ಮಿಲಿಗ್ರಾಮು ಐಸೋಫ್ಲೇವೋನು ಇರುತ್ತದೆ. ಆ ಲೆಕ್ಕದಿಂದ ಈ ಹಿಡಿಯಲ್ಲಿರುವುದು ಸುಮಾರು ೪೫ ಮಿಲಿಗ್ರಾಮು. ತುಣುಕನ್ನು ತಯಾರಿಸುವ ಕ್ರಮವನ್ನನುಸರಿಸಿ ಹೆಚ್ಚು ಕಡಿಮೆಯಾಗಬಹುದು. ಚೀನದ ಸ್ತ್ರೀಯರು ದಿನವೂ ತಿನ್ನುತ್ತಿದ್ದುದೂ ಹೆಚ್ಚುಕಡಿಮೆ ಇಷ್ಟೇ. ಅವರಿಗೆ ಹಾನಿಯಾಗದ ಪ್ರಮಾಣದೊಳಗೇ ನಮ್ಮ ಸಾರಿನ ಪಾತ್ರೆಯೂ ಇದೆ. ಹುರುಳಿ, ಅವರೆ, ತೊಗರಿಗಳಲ್ಲಿ ಐಸೋಫ್ಲೇವೋನುಗಳು ಸೋಯಾದಲ್ಲಿರುವುದರ ಒಂದು ಅಲ್ಪಾಂಶ ಮಾತ್ರ. ಸೋಯಾಕ್ಕೇ ಇಲ್ಲದ ದೋಷವನ್ನು ಅವುಗಳ ಮೇಲೆ ಹೊರಿಸುವುದು ಅನ್ಯಾಯ. ಸೋಯಾ ಎಣ್ಣೆಯಲ್ಲಂತೂ ಈ ವಸ್ತುಗಳು ಇಲ್ಲವೆಂದರೂ ಸಲ್ಲುವುದು.

ಇನ್ನು, ಸೋಯಾವನ್ನು ತಿನ್ನಲೇಬೇಕೆಂಬ ನಿರ್ಬಂಧವೇನೂ ಇಲ್ಲ. ಮೊಟ್ಟೆ, ಮೀನು, ಮೊಸರು, ಹುರುಳಿಗಳಿಂದಲೂ ಕೊರತೆಯನ್ನು ತುಂಬಬಹುದು. ಆದರೆ ಅಗ್ಗದ ಬೆಲೆಗೆ ಊರಿನ ಅಂಗಡಿಯಲ್ಲಿಯೇ ದೊರೆಯುವ ಒಳ್ಳೆಯ ಆಹಾರವನ್ನು ತಪ್ಪು ತಿಳಿವಳಿಕೆಯಿಂದ ಕಳೆದುಕೊಳ್ಳುವುದು ಬಡವರಿಗೆ ದೊಡ್ಡ ನಷ್ಟ.

ಇಷ್ಟನ್ನೂ ನಾವು ಆ ವಿದ್ಯಾರ್ಥಿನಿಗೆ ಹೇಳಿ, ತಾಯಿಯ ಔಷಧಗಳ ಪಟ್ಟಿಯೊಡನೆ ಚಿಕಿತ್ಸೆ ನೀಡಿದ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕೆಂದು ತಿಳಿಸಿದೆವು. ವೈದ್ಯರು ಕಾಳುಗಳಿಗೂ ಸೋಯಾಕ್ಕೂ ಸಮ್ಮತಿಯಿತ್ತು, ಸೀಸೆಯನ್ನು ಪಕ್ಕಕ್ಕಿಡಲು ಹೇಳಿದರಂತೆ. ಆ ಮನೆಯ ಒಲೆಗೆ ಮೊದಲು ಹುರುಳಿಸಾರು ಮರಳಿತು. ಕೆಲವು ವಾರಗಳಾದ ಮೇಲೆ ತಾಯಿ ತಾವಾಗಿಯೇ ಸೋಯಾ ತುಣುಕುಗಳನ್ನು ತರಿಸಿಕೊಂಡರೆಂದು ಮಗಳು ತಿಳಿಸಿದಳು. ತೂಕ ಇಳಿಯುವುದು ನಿಂತಿದೆ.